ಸಾಕಮ್ಮ ಹೊಲಿದ ಕುಲಾವಿ

ಈ ಸಲದ ಕಪ್ ಬಿ ಬ್ಲಾಕಿಗೇ ಬರಬೇಕು ಅಂತ ದೀಪಾವಳಿಯ ಪಟಾಕಿ ಕಸ ಗುಡಿಸುವಾಗಲೇ ನಾನು ಹಟ ತೊಟ್ಟಿದ್ದೆ. ಚೆನ್ನೈ ಪೆರಂಬೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡು ಬ್ಲಾಕು. ಪ್ರತಿ ವರ್ಷ ಎರಡಕ್ಕೂ ಕ್ರಿಸ್‌ಮಸ್ ಅಲಂಕಾರದ ಪಂದ್ಯ. ಹೋದ ಸಲವೂ ಅದರ ಹಿಂದಿನ ಸಲವೂ ಎ ಬ್ಲಾಕಿನ ಭೋಜರಾಜ್ ಅವರೇ ಕಪ್ ಹೊತ್ತುಕೊಂಡು ಹೋದರು. ರೈಲ್ವೆಯಲ್ಲಿ ರಿಟೈರ್ ಆದ ಮನುಷ್ಯ, ಥರ್ಮಾಕೋಲಿನಲ್ಲಿ ರೈಲು ಮಾಡಿ ಅದರೊಳಗೆ ಸಾಂಟಾನನ್ನು ಕೂರಿಸುತ್ತಾರೆ. ಗೆದ್ದ ಕಪ್ಪುಗಳನ್ನು ಬಾಗಿಲ ಹೊರಗಿನ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟಿದ್ದಾರೆ. ಈ ಕಲಾವತಿ, ಅಂದರೆ ನಾನು, ವಾಕಿಂಗ್ ಹೋಗುವಾಗ ನೋಡಿ ಹೊಟ್ಟೆ ಉರಿದುಕೊಳ್ಳಲಿ ಅಂತಲ್ಲದೆ ಇನ್ಯಾಕೆ?

ನನ್ನ ಹತ್ತಿರ ಈ ಬಾರಿ ಬ್ರಹ್ಮಾಸ್ತ್ರವಿತ್ತು. ಕೋಡಂಬಾಕ್ಕಂನಲ್ಲಿ ಸಿನಿಮಾ ಶೂಟಿಂಗಿಗೆ ಸಾಮಾನು ಕೊಡುವವರಿಂದ ಹಿಮ ಸುರಿಸುವ ಮೆಷಿನ್ ಬಾಡಿಗೆಗೆ ತಂದಿದ್ದೆ. ಡಿಸೆಂಬರಿನಲ್ಲೂ ಬೆವರುವ ಚೆನ್ನೈಯಲ್ಲಿ ಹಿಮ! ಜೊತೆಗೆ ಪ್ಲಾಸ್ಟಿಕ್ ಮರ, ಜಿಂಕೆಗಳು, ಎರಡು ಪೆಂಗ್ವಿನ್. ನನ್ನ ಮಗ ಅಜಯ್ ಸಾಂಟಾ. ಕೆಂಪು ವೆಲ್ವೆಟ್ಟಿನೊಳಗೆ ಬೇಯುತ್ತಿದ್ದ, ಆದರೂ ನನ್ನ ಬಾಯಿಗೆ ಹೆದರಿ ಬಿಳಿ ಗಡ್ಡವನ್ನೂ ಕಳಚಿರಲಿಲ್ಲ. ಇಡೀ ಬ್ಲಾಕಿನಲ್ಲಿ ಕ್ರಿಶ್ಚಿಯನ್ನರ ಮನೆ ಒಂದೇ, ಮೂರನೇ ಮಹಡಿಯ ಆರೋಗ್ಯಮ್ಮನವರದು. ಕೊಳ್ಳೇಗಾಲದ ಕಡೆಯವರು, ನರ್ಸ್ ಆಗಿದ್ದವರು. ಮಂಡಿ ನೋವಿನಿಂದ ಈಗ ಕೆಳಗೆ ಇಳಿಯುವುದಿಲ್ಲ. ಅವರನ್ನೊಂದು ಮಾತು ಕೇಳೋಣ ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ.

ನಾನು ಏಣಿಯ ಮೇಲೆ ನಿಂತು ಹತ್ತಿ ಅಂಟಿಸುತ್ತಿದ್ದಾಗ ನಮ್ಮತ್ತೆ ಸಾಕಮ್ಮ ಬಂದು ಇದೇನು ಹಬ್ಬ ಅಂತ ವಿಚಾರಿಸಿದ್ದರು. ಈ ವರ್ಷವಷ್ಟೇ ನಂಜನಗೂಡಿನಿಂದ ನಮ್ಮಲ್ಲಿಗೆ ಬಂದವರು, ಅವರಿಗಿದು ಮೊದಲ ಕ್ರಿಸ್‌ಮಸ್. ಮಗು ಹುಟ್ಟಿದ ಹಬ್ಬ ಅತ್ತೆ, ಅಂದುಬಿಟ್ಟು ನಾನು ಮತ್ತೆ ಹತ್ತಿಯ ಕಡೆ ತಿರುಗಿದೆ. ಅವರು ಹಸಿರು ರೇಷ್ಮೆಯ ರವಿಕೆ ಕಣ ಹಿಡಿದು ಹೊಲಿಯುತ್ತ ಕೂತದ್ದನ್ನು ಗಮನಿಸುವಷ್ಟು ಪುರುಸೊತ್ತು ನನಗೆಲ್ಲಿ?

ಇಪ್ಪತ್ನಾಲ್ಕರ ಸಂಜೆ ಏಳಕ್ಕೆ ತೀರ್ಪುಗಾರರು ಬರಬೇಕು. ಅದಕ್ಕೆ ತುಸು ಮುಂಚೆ ಅತ್ತೆ ತಲೆ ಬಾಚಿ, ಮಡಿಸೀರೆ ಉಟ್ಟು, ತಟ್ಟೆ ಹಿಡಿದುಕೊಂಡು ಕೆಳಗಿಳಿದರು. ತಟ್ಟೆಯಲ್ಲಿ ಸಕ್ಕರೆ, ಪಕ್ಕದಲ್ಲಿ ಜರಿಯಂಚಿನ ಹಸಿರು ಕುಲಾವಿ. ಹುಟ್ಟಿದ ಮಗುವನ್ನು ಬರಿಗೈಯಲ್ಲಿ ನೋಡಬಾರದಲ್ಲ. ಜಿಂಕೆ ದಾಟಿ, ಪೆಂಗ್ವಿನ್ ದಾಟಿ, ಮರವನ್ನು ಒಂದು ಸುತ್ತು ಹಾಕಿ ಅಜಯ್‌ನ ಮುಂದೆ ನಿಂತರು.

“ಇವ್ನು ತಾತ ಅನ್ಕೊಳವ. ಬಾಣಂತಿ ಎಲ್ಲವ್ಳೆ? ಕೂಸೆಲ್ಲಿ?”

ಬ್ಲಾಕಿನ ಹೆಂಗಸರೆಲ್ಲ ಸೇರಿ ಪೆಂಗ್ವಿನ್ನಿಗೆ ದುಡ್ಡು ಸುರಿದಿದ್ದೆವು, ಮಗುವಿನ ನೆನಪೇ ಯಾರಿಗೂ ಆಗಿರಲಿಲ್ಲ. ಯಾರೋ ಓಡಿಹೋಗಿ ಮಗಳ ಬಾರ್ಬಿ ಗೊಂಬೆ ತಂದರು. ಅದರ ಹೈಹೀಲ್ಡ್ ಚಪ್ಪಲಿ ನೋಡಿದ ಅತ್ತೆ, ಇದು ಮದುವೆಗೆ ಬಂದ ಹುಡುಗಿ ಅಂತ ವಾಪಸು ಕೊಟ್ಟರು. ಮಗುವನ್ನು ನೋಡದೆ ಅಲ್ಲಾಡುವುದಿಲ್ಲ ಅಂತ ಹಿಮದ ಮೆಷಿನ್ನಿನ ಎದುರಿಗೇ ಕೂತುಬಿಟ್ಟರು. ನನಗೆ ತಲೆ ಕೆಟ್ಟುಹೋಯಿತು. ತೀರ್ಪುಗಾರರು ಬರುವಷ್ಟರಲ್ಲಿ ಇವರನ್ನು ಎಬ್ಬಿಸದಿದ್ದರೆ ಕಪ್ ಕೈಬಿಟ್ಟಂತೆಯೇ. ಆರೋಗ್ಯಮ್ಮನವರ ಮನೆಯಲ್ಲಿ ಮಗು ಇದ್ದೇ ಇರುತ್ತದೆ, ತೋರಿಸಿ ಓಡಿಬರೋಣ ಅಂತ ಕೈಹಿಡಿದು ಲಿಫ್ಟಿಗೆ ಎಳೆದುಕೊಂಡು ಹೋದೆ.

ಆರೋಗ್ಯಮ್ಮ ಒಳ್ಳೆಯ ಸೀರೆ ಉಟ್ಟು ಟೀವಿಯಲ್ಲಿ ಚರ್ಚಿನ ಸಂಜೆಯ ಕ್ರಿಸ್‌ಮಸ್ ಪೂಜೆ ನೋಡುತ್ತ ಒಬ್ಬರೇ ಕೂತಿದ್ದರು. ಮೂಲೆಯಲ್ಲಿ ನೆಲದ ಮೇಲೆ, ಕೆಲಸದವಳ ಕೈಯಲ್ಲಿ ಜೋಡಿಸಿಕೊಂಡ, ಹುಲ್ಲು ಹಾಸಿದ ದನದ ಕೊಟ್ಟಿಗೆಯಂಥ ಪುಟ್ಟ ಗೋದಲಿ. ತಾಯಿ ಇದ್ದಳು, ತಂದೆ ಇದ್ದ, ಹಸು ಕುರಿಗಳಿದ್ದವು. ನಡುವಿನ ಹುಲ್ಲು ಮಾತ್ರ ಖಾಲಿ. ಅಯ್ಯೋ, ಮಗು ಇಲ್ಲೂ ಇಲ್ಲವಲ್ಲ ಅಂತ ನಾನು ಬಗ್ಗಿ ಹಸುವಿನ ಹಿಂದೆಲ್ಲ ಹುಡುಕಿದೆ.

“ಇನ್ನೂ ಹುಟ್ಟಿಲ್ಲ ಕಣವ್ವ. ಪೂಜೇಲಿ ಗಂಟೆ ಹೊಡೆದ ಮೇಲೇ ಮಡಗೋದು,” ಅಂದರು ಆರೋಗ್ಯಮ್ಮ.

ಅತ್ತೆಗೆ ಅಷ್ಟು ಸಾಕಾಯಿತು. ಹೆರಿಗೆಯ ಹೊತ್ತಿನಲ್ಲಿ ಮನೆ ಬಿಟ್ಟು ಹೋಗುವುದುಂಟೆ ಅಂತ ಗೋದಲಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು, ನನ್ನ ಕೈ ಮಾತ್ರ ಬಿಡಲಿಲ್ಲ. ಫೋನ್ ಹೊಡೆದುಕೊಂಡಿತು. ಕೆಳಗಿನಿಂದ ಅಜಯ್: ಅಮ್ಮಾ, ಜಡ್ಜ್ ವಂದುಟ್ಟಾರು, ಬೇಗ ವಾ. ತೀರ್ಪುಗಾರರು ಬಂದೇಬಿಟ್ಟಿದ್ದರು, ನಾನು ಎದ್ದೆ. ಅತ್ತೆ ಕೈ ಜಗ್ಗಿದರು. ಆ ಖಾಲಿ ಹುಲ್ಲಿನ ಕಡೆ ಒಂದು ಸಲ ನೋಡಿದೆ, ಮತ್ತೆ ಕೂತೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಲೇಬರ್ ವಾರ್ಡಿನ ಹೊರಗೆ ಕಾಯುವವಳ ಹಾಗೆ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಎರಡು ತಿಂಗಳು ಹಿಮ ಹಿಮ ಅಂತ ಕುಣಿದಿದ್ದರಲ್ಲಿ ಈ ಸಂಭ್ರಮ ಒಂದು ದಿನವೂ ಸಿಕ್ಕಿರಲಿಲ್ಲ.

ಟೀವಿಯಲ್ಲಿ ಗಂಟೆಗಳು ಒಟ್ಟಿಗೇ ಮೊಳಗಿದವು. ಆರೋಗ್ಯಮ್ಮ ಮಡಿಲಿನಲ್ಲಿದ್ದ ಬಿಳಿ ಕರ್ಚೀಫು ಬಿಚ್ಚಿ, ಹೆಬ್ಬೆರಳಿನಷ್ಟೇ ಇದ್ದ ಮಗುವನ್ನು ಅತ್ತೆಯ ಮುಂದೆ ಹಿಡಿದರು.

“ನೀವೇ ಮಡಗಿ ಅಕ್ಕ. ಹೋದ ವರ್ಷ ಬಗ್ಗಕ್ಕಾಗದೆ ಕೂಸ್ನ ಮೇಜಿನ ಮೇಲೇ ಬುಟ್ಬುಟ್ಟೆ.”

ಹೋದ ವರ್ಷ ಈ ಹೊತ್ತಿನಲ್ಲಿ ನಾನು ಇದೇ ಕಟ್ಟಡದ ಕೆಳಗೆ ಸ್ಪೀಕರ್ ಹಾಕಿಕೊಂಡು ಕುಣಿಯುತ್ತಿದ್ದೆ. ಕಣ್ಣು ತುಂಬಿ ಬಂತು.

ಅತ್ತೆ ಮಗುವನ್ನು ಅಂಗೈಯಲ್ಲಿ ತೆಗೆದುಕೊಂಡು ಕುಲಾವಿ ತೊಡಿಸಿದರೆ ಮಗುವೇ ಕಾಣಿಸದ ಹಾಗೆ ಒಳಗೆ ಮುಳುಗಿಹೋಯಿತು. ಮೂವರೂ ನಕ್ಕೆವು. ಕೊನೆಗೆ ಕುಲಾವಿಯನ್ನೇ ಹಾಸಿಗೆ ಮಾಡಿ ಹುಲ್ಲಿನ ಮೇಲೆ ಮಲಗಿಸಿದರು. ನಾನು ಕಣ್ಣೊರೆಸಿಕೊಳ್ಳುವುದರೊಳಗೆ ಅತ್ತೆ ಸಕ್ಕರೆ ತಟ್ಟೆ ಎತ್ತಿಕೊಂಡು ಹೊರಗಿನ ವರಾಂಡದ ಕಟಕಟೆಗೆ ಓಡಿ, ಸೊಪ್ಪಿನವಳಿಂದ ಕಲಿತ ತಮಿಳಿನಲ್ಲಿ ಅಂಗಳಕ್ಕೆಲ್ಲ ಕೇಳುವಂತೆ ಕೂಗಿದರು.

“ಆಂಬಳ ಪುಳ್ಳ ಪೊರಂದಿರುಕ್ಕು! ಎಲ್ಲಾರೂ ವಾಂಗೋ!”

ಗಂಡು ಮಗು ಹುಟ್ಟಿದೆ ಅಂದರೆ ಯಾರು ನಿಲ್ಲುತ್ತಾರೆ? ಯಾರ ಮನೆಯಲ್ಲಿ, ಯಾರಿಗೆ ಅಂತ ಕೇಳುತ್ತಲೇ ಎರಡೂ ಬ್ಲಾಕಿನವರು ಮೆಟ್ಟಿಲು ಹತ್ತಿದರು. ತೀರ್ಪುಗಾರರು ಬಂದರು. ಭೋಜರಾಜ್ ಏದುಸಿರು ಬಿಡುತ್ತ ಬಂದು, ಗೋದಲಿ ಕಂಡದ್ದೇ ಚಪ್ಪಲಿ ಹೊರಗೆ ಬಿಟ್ಟರು. ಆರೋಗ್ಯಮ್ಮನವರ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರು ಅತ್ತೆಯ ತಟ್ಟೆ ಮಡಿಲಲ್ಲಿಟ್ಟುಕೊಂಡು ಕೂತಲ್ಲಿಂದಲೇ ಬಂದವರಿಗೆಲ್ಲ ಸಕ್ಕರೆ ಹಂಚುತ್ತಿದ್ದರು, ಮುಖ ಅರಳಿಹೋಗಿತ್ತು. ಕೆಳಗೆ ನನ್ನ ಮೆಷಿನ್ನು ಯಾರೂ ಇಲ್ಲದ ಅಂಗಳಕ್ಕೆ ಹಿಮ ಉಗುಳುತ್ತಿತ್ತು. ಕಪ್ ಆಮೇಲೆ ಆ ಚಪ್ಪಲಿ ಸ್ಟ್ಯಾಂಡಿಗೇ ಹೋಯಿತು, ಹೋಗಲಿ ಬಿಡಿ.

ಎಲ್ಲರಿಗಿಂತ ಕಡೆಗೆ ಅಜಯ್ ಜನರ ನಡುವೆ ನುಸುಳಿಕೊಂಡು ಮಗುವಿನ ಹತ್ತಿರ ಬಂದ. ಅತ್ತೆ ಕೈ ಅಡ್ಡ ಹಿಡಿದರು.

“ಆ ಗಡ್ಡ ತೆಗಿ ಮೊದ್ಲು. ಈಗ ತಾನೇ ಹುಟ್ಟಿರೋ ಕೂಸು, ಹೆದರ್ಕತದೆ.”

ಅಜಯ್ ಗಡ್ಡ ಕಿತ್ತು ಜೇಬಿಗೆ ತುರುಕಿಕೊಂಡು, ಟೋಪಿ ತೆಗೆದು, ಮಂಡಿಯೂರಿ ಕೂತ.