ಗುರುವಯ್ಯನವರ ಇದ್ದಿಲ ಕಡ್ಡಿ

ನನ್ನ ಗಂಡ ಗುರುವಯ್ಯನವರಿಗೆ ಇದ್ದಿಲಿನ ಹುಚ್ಚು ಹಿಡಿದದ್ದು ತೊಂಬತ್ತೆಂಟರ ಮಳೆಗಾಲದಲ್ಲಿ. ಕೊಟ್ಟಿಗೆಹಾರದ ಹತ್ತಿರದ ಎಸ್ಟೇಟಿನಲ್ಲಿ ಅವರು ರೈಟರ್. ಆಳುಗಳ ಹಾಜರಿ ಬರೆಯುವುದು, ಸಾಹುಕಾರರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಅವರ ಕೆಲಸ. ನಮ್ಮ ಕ್ವಾರ್ಟರ್ಸಿಗೆ ಹಳ್ಳದ ನೀರು. ಗುರುವಯ್ಯನವರು ಕಾಫಿ ಗಿಡದ ರೆಂಬೆಗಳನ್ನು ಬೆರಳುದ್ದ ಕತ್ತರಿಸಿ, ಹಾಲಿನ ಪುಡಿಯ ಡಬ್ಬದಲ್ಲಿ ಒತ್ತಾಗಿ ತುಂಬಿ, ಮುಚ್ಚಳಕ್ಕೊಂದು ತೂತು ಹೊಡೆದು ಬಚ್ಚಲೊಲೆಯಲ್ಲಿ ಸುಡುವರು. ಹೊಗೆ ನಿಂತ ಮೇಲೆ ಆರಿಸಿ, ಕಡ್ಡಿಗಳನ್ನು ಕುದಿಸಿ ತೊಳೆದು, ಕುಡಿಯುವ ನೀರಿನ ಕೊಡಕ್ಕೆ ನಾಲ್ಕು ಹಾಕುವರು. ಸುಳ್ಳು ಯಾಕೆ ಹೇಳಲಿ, ಕೊಳೆತೆಲೆಯ ವಾಸನೆ ಹೋಗುತ್ತಿತ್ತು. ಸಿಕ್ಕವರ ಮುಂದೆಲ್ಲ ನಾನೇ ಹೊಗಳಿಕೊಂಡೆ.

ಹೊಗಳಿದ್ದೇ ತಪ್ಪಾಯಿತು. ಚೊಚ್ಚಲ ಹೆರಿಗೆಗೆ ಬರಬೇಕಿದ್ದ ಮಗಳು ಶಾಲಿನಿ ಫೋನಿನಲ್ಲಿ, "ಪಲ್ಪಿಂಗ್ ಟೈಮಲ್ಲಿ ನಿಮ್ಮಲ್ಲಿ ನೀರು ಬಾಯಿಗಿಡಕ್ಕಾಗಲ್ವಲ್ಲಮ್ಮ?" ಅಂದಳು.

"ಅಪ್ಪನ ಇದ್ದಿಲಿದೆ, ಸುಮ್ನೆ ಬಾ" ಅಂದೆ.

ಡಿಸೆಂಬರಿನಲ್ಲಿ ಹಳ್ಳದ ಮೇಲ್ಭಾಗದಲ್ಲಿ ಎಸ್ಟೇಟಿನ ಪಲ್ಪರ್ ಯಂತ್ರ ಶುರುವಾಯಿತು. ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರೆಲ್ಲ ಹಳ್ಳಕ್ಕೆ. ಎರಡೇ ದಿನಕ್ಕೆ ಇದ್ದಿಲು ಸೋತಿತು. ಕಾಯಿಸಿದರೆ ನಾತ ಇನ್ನೂ ಜಾಸ್ತಿ. ನಮ್ಮಲ್ಲಿಗೆ ಬಂದು ಹೆತ್ತು ಇಪ್ಪತ್ತು ದಿನವಾಗಿದ್ದ ಶಾಲಿನಿ ಲೋಟ ಮೂಗಿನ ಹತ್ತಿರ ತಂದರೆ ಓಕರಿಸುವಳು. ನೀರು ಕುಡಿಯುವುದನ್ನೇ ಬಿಟ್ಟಳು, ಎದೆಹಾಲು ಇಳಿಯಿತು, ಮಗು ಹಸಿದು ಕಿರುಚತೊಡಗಿತು.

"ಸಾಹುಕಾರ್ರಿಗೆ ಒಂದು ಮಾತು ಹೇಳ್ರೀ" ಅಂದೆ.

"ಇನ್ನೆರಡು ಕಡ್ಡಿ ಜಾಸ್ತಿ ಹಾಕ್ತೀನಿ ಮಾರಾಯ್ತಿ."

ಕೊಡದಲ್ಲಿ ಕಡ್ಡಿ ಆರಾಯಿತು, ಹತ್ತಾಯಿತು. ಸಾಹುಕಾರರ ಬಂಗಲೆಗೆ ಬರುವುದು ಪಲ್ಪರಿನ ಮೇಲಿನ ಒರತೆಯ ನೀರು. ಅಲ್ಲಿಂದ ಒಂದು ಕೊಡ ಹೊತ್ತು ತರುತ್ತೇನೆಂದರೆ, ಮರ್ಯಾದೆ ಹೋಗುತ್ತದೆಂದು ಬಾಗಿಲಿಗೆ ಅಡ್ಡ ನಿಂತರು. ಹೆತ್ತ ಮಗಳಿಗಿಂತ ದೊಡ್ಡ ಮರ್ಯಾದೆ ಯಾವುದೋ ನನಗೆ ಗೊತ್ತಿಲ್ಲ.

ಒಂದು ಬೆಳಿಗ್ಗೆ ಸಾಹುಕಾರ ರಂಗನಾಥರೇ ಮಗು ನೋಡಲು ಬಂದರು. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ನಮ್ಮಲ್ಲಿ ಪದ್ಧತಿ. ಬೇಡವೆನ್ನುವ ಹಾಗಿಲ್ಲ. ನಾನು ಇದ್ದಿಲ ಕೊಡ ಬಿಟ್ಟು, ಹಳ್ಳದ ನೀರನ್ನೇ ಕಾಯಿಸಿ ತಂದಿಟ್ಟೆ. ಗುರುವಯ್ಯನವರು ಕಣ್ಣಲ್ಲೇ ಬೇಡ ಬೇಡ ಅಂದರು. ನಾನು ಅವರ ಕಡೆ ನೋಡಲೇ ಇಲ್ಲ.

ಸಾಹುಕಾರರು ಬೆಲ್ಲ ಬಾಯಿಗೆ ಹಾಕಿಕೊಂಡು ಒಂದು ಗುಟುಕು ಕುಡಿದವರೇ ಮುಖ ಕಿವುಚಿದರು. "ಏನಮ್ಮಾ ಇದು ನಾತ!"

"ನಿಮ್ಮ ಪಲ್ಪರ್ ನೀರು ಸಾರ್. ಇದನ್ನೇ ಬಾಣಂತಿಗೆ ಕೊಡ್ತಿದ್ದೀನಿ."

ಒಳಗೆ ಮಗು ಅಳುತ್ತಿತ್ತು. ಅವರು ಲೋಟ ಕೆಳಗಿಟ್ಟರು. "ಛೆ, ನಂಗೆ ಯಾರೂ ಹೇಳಲೇ ಇಲ್ವಲ್ಲ. ಒಂದು ಗುಂಡಿ ತೆಗೆಸಿ ಆ ನೀರನ್ನ ಅಲ್ಲಿಗೆ..."

"ಅಯ್ಯೋ, ಅಷ್ಟೆಲ್ಲ ಬೇಡ ಸಾರ್!" ನನ್ನ ಗಂಡ ಎದ್ದೇ ನಿಂತರು. "ಕುಯ್ಲಿನ ಟೈಮಲ್ಲಿ ಗುಂಡಿಗೆ ಆಳೆಲ್ಲಿದೆ? ಇದ್ದಿಲು ಹಾಕಿದ್ರೆ ಎಲ್ಲ ಸರಿಯಾಗುತ್ತೆ. ಇವಳು ಹಾಕದೇ ಕೊಟ್ಟಿದ್ದಾಳೆ ನೋಡಿ!"

ಕೊಡದಿಂದ ಒಂದು ಕಡ್ಡಿ ತೆಗೆದು ತೋರಿಸಿಯೂಬಿಟ್ಟರು. ಸಾಹುಕಾರರ ಮುಖ ಅರಳಿತು. "ಹೌದಾ? ಹಾಗಾದ್ರೆ ಒಳ್ಳೇದಾಯ್ತಲ್ಲ ಮಾರಾಯ!"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿಗೆ ಮೂವತ್ತು ವರ್ಷ ಅನ್ನ ಬಡಿಸಿದವಳು ನಾನು. ಅವತ್ತು ಬಡಿಸಲಿಲ್ಲ.

ಮಾರನೇ ದಿನ ಬಂಗಲೆಯಿಂದ ಎರಡು ಮೂಟೆ ಇದ್ದಿಲು ಬಂತು. ಗುರುವಯ್ಯನವರು ಜಗಲಿಯಲ್ಲಿ ಹರವಿಕೊಂಡು, "ನೋಡು, ಸಾಹುಕಾರ್ರಿಗೆ ನಮ್ಮ ಮೇಲೆಷ್ಟು ಕಾಳಜಿ" ಅಂತ ಒಳ್ಳೆಯ ಚೂರು ಆರಿಸತೊಡಗಿದರು. ನಾನು ಶಾಲಿನಿಯನ್ನು ಕರೆದುಕೊಂಡು ಹೋಗಲಿ ಅಂತ ಅಳಿಯನಿಗೆ ಫೋನ್ ಮಾಡಿಸಿದೆ.

ಮೂರು ತಿಂಗಳ ಬಾಣಂತನ ಒಂದೇ ತಿಂಗಳಿಗೆ ಮುಗಿಯಿತು. ಬೀಗಿತ್ತಿ ಏನೆಂದುಕೊಂಡಾರೋ ಎಂಬ ನಾಚಿಕೆಯಲ್ಲೇ ಮಗುವನ್ನು ಜೀಪಿನಲ್ಲಿ ಕೂತ ಶಾಲಿನಿಯ ಮಡಿಲಿಗಿಟ್ಟೆ. ಆಗ ಗುರುವಯ್ಯನವರು ಓಡಿಬಂದು ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ಅವಳ ಬ್ಯಾಗಿಗೆ ತುರುಕಿದರು.

ತೆಗೆದು ಅವರ ಕೈಗೇ ಕೊಟ್ಟೆ. "ಅಲ್ಲಿ ನೀರಿದೆ ಕಣ್ರೀ. ಇದು ನಿಮಗೇ ಇರಲಿ."