ಪಟ್ಟಿಯ ಹದಿನೇಳನೆಯ ಸಾಲು

ಟಪ್ ಎಂದು ಇನ್ನೊಂದು ಬಟಾಣಿ ಕಾಯಿ ಒಡೆಯಿತು, ಕಾಳುಗಳು ಬಟ್ಟಲಿಗೆ ಬಿದ್ದವು, ಒಂದು ಮಾತ್ರ ದಾರಿ ತಪ್ಪಿ ಮೇಜಿನ ಮೇಲೆ ಉರುಳುತ್ತಾ ಬಂದು ನನ್ನ ಲ್ಯಾಪ್‌ಟಾಪಿಗೆ ತಾಗಿ ನಿಂತಿದೆ, ಎದುರಿಗೆ ಕೂತ ಅತ್ತೆ ನೋಡಿಯೂ ನೋಡದ ಹಾಗೆ ಮುಂದಿನ ಕಾಯಿ ಎತ್ತಿಕೊಂಡರು, ಕಳೆದ ವರ್ಷದಿಂದ ಅವರ ಕೈ ನಡುಗುತ್ತದೆ, ಅದರ ಬಗ್ಗೆ ಮನೆಯಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ, ಕಾಳನ್ನು ಎತ್ತಿ ಬಾಯಿಗೆ ಹಾಕಿಕೊಂಡೆ, ಸಾಕ್ಷ್ಯ ನಾಶವಾಯಿತು — ಪರದೆಯ ಮೇಲೆ ಮತ್ತೆ ಕೆಂಪು, ಪರೀಕ್ಷೆ ಮತ್ತೆ ಫೇಲು, ಒಟ್ಟಿಗೆ ಹೊಂದುವ ಆವೃತ್ತಿಗಳು ಸಿಗಲಿಲ್ಲ ಎನ್ನುತ್ತಿದೆ ಯಂತ್ರ, ಬೆಳಗ್ಗಿನಿಂದ ಇದು ಆರನೆಯ ಸಲ, ನಮ್ಮ ತಂತ್ರಾಂಶವೇನು ತನ್ನ ಕಾಲ ಮೇಲೆ ತಾನು ನಿಂತದ್ದಲ್ಲ, ಯಾರ್ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಮೂವತ್ತೊಂದು ಪ್ಯಾಕೇಜುಗಳ ಹೆಗಲೇರಿ ಕೂತಿದೆ, ಪಟ್ಟಿಯಲ್ಲಿ ಸಾಲಿಗೊಂದು ಹೆಸರು, ಹೆಸರಿನ ಪಕ್ಕ ಎಷ್ಟನೆಯ ಆವೃತ್ತಿ ಬೇಕೆಂಬ ಷರತ್ತು, ಮದುವೆಗೆ ಕರೆಯುವ ನೆಂಟರ ಪಟ್ಟಿಗೂ ಇದಕ್ಕೂ ವ್ಯತ್ಯಾಸವಿಲ್ಲ, ಅವರು ಬಂದರೆ ಇವರು ಬರುವುದಿಲ್ಲ, ಇವರನ್ನು ಕರೆದರೆ ಹಿಂದೆಯೇ ಹದಿನಾಲ್ಕು ಜನ, ಮೂಗಿಗಿಂತ ಮೂಗುತಿ ಭಾರ — ಎಲ್ಲರಿಗೂ ಲೆಕ್ಕ ಮಾಡಿಕೊಡುವುದು ಒಂದೇ ದೊಡ್ಡ ಗಣಿತದ ಪ್ಯಾಕೇಜು, ಅದರ ಎರಡನೆಯ ಆವೃತ್ತಿ ಬಂತು, ಉಳಿದವರೆಲ್ಲ ನಮಗೆ ಎರಡೇ ಇರಲಿ ಎಂದರು, ಹದಿನೇಳನೆಯ ಸಾಲು ಮಾತ್ರ ಎರಡಕ್ಕಿಂತ ಕೆಳಗಿನದೇ ಬೇಕೆಂದು ಪಟ್ಟು ಹಿಡಿದಿದೆ, ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ, ಆ ಎಡವಟ್ಟು ನನ್ನ ಅತ್ತೆಯ ಕೂಸು.

ಕೂಸಿನ, ಅಂದರೆ ಅವರು ಬರೆದ ಪ್ಯಾಕೇಜಿನ, ಹೆಸರು ಬಿಟ್ಟದಿನ. ಮೂವತ್ತೆರಡು ವರ್ಷ ಹವಾಮಾನ ಕಚೇರಿಯಲ್ಲಿದ್ದ ಹೆಂಗಸು ಬೇರೆ ಏನು ಹೆಸರಿಟ್ಟಾರು, ನಮ್ಮ ತಂತ್ರಾಂಶ ಓದುವುದು ಹಳೆಯ ಮಳೆ ದಾಖಲೆಯ ಪುಸ್ತಕಗಳನ್ನು, ನೂರು ವರ್ಷದ ಕೈಬರಹವನ್ನು ಅಂಕಿಯಾಗಿಸಿ ನೆರೆಯ ಮುನ್ಸೂಚನೆ ಕೊಡುವವರ ಕೈಗಿಡುತ್ತೇವೆ, ಮಳೆ ಅಳೆಯುವವನಿಗೆ ಜ್ವರ ಬಂದ ದಿನ ಪುಸ್ತಕದಲ್ಲಿ ಒಂದು ಅಡ್ಡಗೆರೆ ಇರುತ್ತದೆ, ಆ ಗೆರೆಯನ್ನು ಸೊನ್ನೆ ಎಂದು ಓದಿದವನು ಕೆಟ್ಟ, ಮಳೆ ಬಂದಿರಬಹುದು ಕಣಮ್ಮ, ಸೇತುವೆ ಕೊಚ್ಚಿಕೊಂಡು ಹೋಗೋಷ್ಟು ಬಂದಿರಬಹುದು, ಅಳೆಯೋಕೆ ಜನ ಇರ್ಲಿಲ್ಲ ಅಷ್ಟೇ, ಅತ್ತೆ ಇದನ್ನು ಹೇಳಿದ್ದು ನಾನು ಈ ಮನೆಗೆ ಬಂದ ಮೂರನೆಯ ದಿನ, ಬೇರೆ ಅತ್ತೆಯಂದಿರು ಮೂರನೆಯ ದಿನ ಬೀರುವಿನ ಕೀಲಿ ತೋರಿಸುತ್ತಾರಂತೆ, ನನ್ನ ಅತ್ತೆ, ಬಿಟ್ಟುಹೋದ ದಿನಗಳನ್ನು ಹೇಗೆ ಗುರುತಿಸಬೇಕೆಂದು ತೋರಿಸಿದರು, ನಾನೂರು ಸಾಲಿನ ಕೋಡು, ಒಂದೊಂದು ಸಾಲಿನ ಹಿಂದೆಯೂ ಯಾವುದೋ ಊರಿನ ಯಾವನೋ ಅಳತೆಗಾರನ ಹೊಟ್ಟೆನೋವು, ನನಗೆ ಅವತ್ತೇ ಈ ಹೆಂಗಸಿನ ಮೇಲೆ ಪ್ರೀತಿ ಹುಟ್ಟಿತು, ಗಂಡನ ಮೇಲೆ ಹುಟ್ಟಿದ್ದಕ್ಕಿಂತ ಸ್ವಲ್ಪ ಬೇಗವೇ ಹುಟ್ಟಿತು ಎಂದರೂ ಸುಳ್ಳಲ್ಲ, ಗಂಡನಿಗೆ ಇದನ್ನು ಹೇಳಿಲ್ಲ.

ಹಾಗಾದರೆ ಎದ್ದು ಕೇಳು, ಎರಡು ಮೊಳ ದೂರದಲ್ಲಿ ಕೂತಿದ್ದಾರೆ, ಅತ್ತೆ, ಆ ಎರಡಕ್ಕಿಂತ ಕೆಳಗೆ ಅನ್ನೋ ಒಂದು ಸಾಲು ತಿದ್ದಿ ಹೊಸ ಆವೃತ್ತಿ ಬಿಡಿ ಎಂದರೆ ಮುಗಿಯಿತು, ಬಿಡುಗಡೆ ಮಾಡುವ ಹಕ್ಕು ಅವರೊಬ್ಬರಿಗೇ ಇರುವುದು — ಕೇಳುವಂತಿಲ್ಲ, ಮನೆಯ ಕಟ್ಟಳೆ, ಮದುವೆಯಾದ ಹೊಸತರಲ್ಲಿ ಇದೇ ಮೇಜಿನ ಮೇಲೆ ಫೆಬ್ರವರಿ ಇಪ್ಪತ್ತೊಂಬತ್ತರ ವಿಷಯಕ್ಕೆ ಅತ್ತೆಗೂ ನನಗೂ ಜಟಾಪಟಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ಸಾರು ಆರಿಹೋಯಿತು, ಇವರು ಚಮಚ ಕೆಳಗಿಟ್ಟು ನೋಡಿ ಅಮ್ಮ, ನೀನೂ ಕೇಳು, ಮನೇಲಿ ಕೋಡಿನ ಮಾತು ಬೇಡ, ಏನಿದ್ರೂ ಅಲ್ಲೇ ಬರ್ಕೊಳ್ಳಿ ಎಂದರು, ಹಲ್ಲಿನ ಡಾಕ್ಟರು, ಬಾಯಿ ಮುಚ್ಚಿಸುವುದೂ ತೆರೆಸುವುದೂ ಅವರ ಕಸುಬು, ಅಂದಿನಿಂದ ನಾವಿಬ್ಬರೂ ಮನೆಯೊಳಗೆ ಉಪ್ಪು ಹುಳಿ ಖಾರ ಮಾತ್ರ, ಕೋಡಿನದೇನಿದ್ದರೂ ಪ್ರಾಜೆಕ್ಟಿನ ಪುಟದಲ್ಲಿ, ಎಲ್ಲರೂ ಓದುವ ಜಾಗದಲ್ಲಿ, ಬಹುವಚನದಲ್ಲಿ, ಮಾನ್ಯ ನಿರ್ವಾಹಕರಿಗೆ ಎಂದು ಅತ್ತೆ ಈ ಕೋಣೆಯಿಂದ ಬರೆದರೆ ತಮ್ಮ ಸಲಹೆಗೆ ಧನ್ಯವಾದಗಳು ಎಂದು ನಾನು ಆ ಕೋಣೆಯಿಂದ, ಮಧ್ಯದ ಗೋಡೆಗೆ ನಗು ಬಂದಿರಬೇಕು, ಎಂಟು ತಿಂಗಳ ಹಿಂದೆ ಹಾಗೆಯೇ ಬರೆದೆ, ದಯವಿಟ್ಟು ಹೊಸ ಆವೃತ್ತಿ ಬಿಡುಗಡೆ ಮಾಡಬೇಕಾಗಿ ವಿನಂತಿ, ಉತ್ತರ ಬರಲಿಲ್ಲ, ಒಂದು ವಾರ ಕಾದೆ, ಒಂದು ತಿಂಗಳು, ಅಲ್ಪವಿರಾಮ ತಪ್ಪಿದರೂ ಅರ್ಧ ಪುಟ ಬರೆಯುತ್ತಿದ್ದವರು ಒಂದು ಅಕ್ಷರ ಬರೆಯಲಿಲ್ಲ, ನನಗೂ ಬಿಗುಮಾನ, ಅವರಾಗಿ ಹೇಳಲಿ ಎಂದು ಕೂತೆ, ಆಮೇಲೆ ಕೈ ನಡುಕ ಹೆಚ್ಚಾಯಿತು, ಸಾಕಾಗಿರಬೇಕು, ಬೇಡವಾಗಿರಬೇಕು ಎಂದುಕೊಂಡೆ, ಕೇಳಿದರೆ ನೊಂದುಕೊಳ್ಳುತ್ತಾರೆ ಎಂದುಕೊಂಡೆ, ಒಟ್ಟಿನಲ್ಲಿ ಅಂದುಕೊಂಡದ್ದೇ ಬಂತು.

ಅಕ್ಕ ಇದೀರಾ, ಸಂದೇಶ ಬಂತು, ಕಳಿಸಿದ್ದು ಕತ್ತರಿ, ನಾವಿಟ್ಟ ಅಡ್ಡಹೆಸರು, ನಮ್ಮ ತಂಡದಲ್ಲಿ ಪಟ್ಟಿ ಕಡಿಮೆ ಮಾಡುವುದೇ ಪರಮ ಧರ್ಮ ಎಂದು ನಂಬಿದವನು, ಐವತ್ತೆಂಟಿದ್ದದ್ದನ್ನು ಮೂವತ್ತೊಂದಕ್ಕೆ ತಂದವನೇ ಅವನು, ಒಳ್ಳೆಯ ಹುಡುಗ, ಕೈಗೆ ಸಿಕ್ಕದ್ದನ್ನೆಲ್ಲ ಕತ್ತರಿಸುತ್ತಾನೆ ಅಷ್ಟೇ, ಮಧ್ಯಾಹ್ನ ಹನ್ನೆರಡಕ್ಕೆ ಬಿಡುಗಡೆ ಅಕ್ಕ, ಮಳೆಗಾಲ ಬರೋಕೆ ಹತ್ತು ದಿನ ಇದೆ, ಮುನ್ಸೂಚನೆಯವರು ಎರಡು ಸಲ ಕೇಳಿದ್ರು, ಹದಿನೇಳು ತೆಗೆದುಬಿಡೋಣ, ಅವರ ಕೋಡನ್ನ ನಮ್ಮೊಳಗೆ ನಕಲು ಮಾಡ್ಕೊಳ್ಳೋಣ, ಕೆಳಗೆ ಎಲ್ಲಾದ್ರೂ ಅವರ ಹೆಸರು ಹಾಕೋಣ, ಎಂಟು ತಿಂಗಳಿಂದ ಯಾರೂ ನೋಡ್ಕೊಳ್ತಿಲ್ಲ ಅಲ್ವಾ, ಅವನಿಗೆ ಆ ಯಾರೂ ಯಾರು ಎಂದು ಗೊತ್ತಿಲ್ಲ, ಅತ್ತೆ ಅಲ್ಲಿ ಮನೆಯ ಹೆಸರು ಹಾಕಿಕೊಂಡಿಲ್ಲ, ಗೊತ್ತಿದ್ದರೂ ಅವನು ಹೇಳುವುದು ಸರಿಯೇ, ಸರಿಯೆಂಬುದೇ ಕಷ್ಟ — ಸಾಲನ್ನು ಅಳಿಸುತ್ತೇನೆ, ಅಳಿಸಿದ ಸಾಲು ಕೆಂಪಾಗಿ ಕಾಣುತ್ತದೆ, ಮುಂದೆ ಒಂದು ಕಳೆಯುವ ಚಿಹ್ನೆ, ಅಷ್ಟೇ, ಮೂವತ್ತೆರಡು ವರ್ಷ ಅಷ್ಟಗಲ, ಎದುರಿಗೆ ಕೂತು ನಮ್ಮ ರಾತ್ರಿಯ ಪಲ್ಯಕ್ಕೆ ಕಾಳು ಬಿಡಿಸುತ್ತಿರುವವರ ಹೆಸರನ್ನು ಅವರ ಮುಖದೆದುರಿಗೇ ತೆಗೆಯುತ್ತಿದ್ದೇನೆ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಯಾರೋ ಹೇಳಿದ್ದು ಇದಕ್ಕಲ್ಲ ಬಿಡು, ಏನಮ್ಮ ಅಷ್ಟೊತ್ತಿಂದ ಒಂದೇ ಕಡೆ ನೋಡ್ತಿದ್ದೀಯಾ, ಏನಿಲ್ಲ ಅತ್ತೆ, ಕಣ್ಣು ಕೆಟ್ಟುಹೋಗುತ್ತೆ, ಹ್ಞೂಂ ಅತ್ತೆ.

ನಕಲು ಮಾಡುವುದಾದರೆ ಪರವಾನಗಿಯ ಪ್ರಕಾರ ಮೂಲ ಬರೆದವರ ಹೆಸರು, ವಿಳಾಸ, ಇಸವಿ ಇರಲೇಬೇಕು, ಅವರು ಪ್ಯಾಕೇಜಿಗೆ ಕೊಟ್ಟ ಇಮೇಲ್ ಯಾವುದೋ ಮರೆತಿದ್ದೇನೆ, ನನ್ನ ಅಂಚೆಪೆಟ್ಟಿಗೆಯಲ್ಲಿ ಹುಡುಕಿದೆ, ಮೊದಲು ಸಿಕ್ಕಿದ್ದು ಒಂದು ಫೋಲ್ಡರು, ಅದಕ್ಕೆ ಆಮೇಲೆ ಎಂದೇ ಹೆಸರು, ಒಳಗೆ ಓದದ ಪತ್ರ ಇನ್ನೂರ ಹದಿನಾಲ್ಕು — ಇದನ್ನು ಮಾಡಿದ್ದು ಯಾರು, ನಾನೇ, ನಾಲ್ಕು ವರ್ಷದ ಹಿಂದೆ, ನನ್ನ ಒಂದು ತಿದ್ದುಪಡಿಗೆ ಅತ್ತೆ ಒಂದೇ ವಾರದಲ್ಲಿ ನಲವತ್ತೇಳು ಟಿಪ್ಪಣಿ ಬರೆದಿದ್ದರು, ತಲೆ ಚಿಟ್ಟು ಹಿಡಿದು, ಅವರ ಹೆಸರಿರುವ ಪತ್ರವೆಲ್ಲ ಸೀದಾ ಇಲ್ಲಿಗೆ ಹೋಗಲಿ ಎಂದು ಅಂಚೆಪೆಟ್ಟಿಗೆಗೆ ಒಂದು ಸೂಚನೆ ಬರೆದಿಟ್ಟೆ, ಒಂದು ವಾರದ ಮಟ್ಟಿಗೆ, ಆ ವಾರ ಮುಗಿಯಿತು, ಸೂಚನೆ ತೆಗೆಯಲು ಮರೆತೆ, ಅವರ ಟಿಪ್ಪಣಿಗಳನ್ನು ಪುಟದಲ್ಲೇ ನೋಡುತ್ತಿದ್ದೆನಲ್ಲ, ಕೊರತೆಯೇ ಕಾಣಲಿಲ್ಲ, ಮೇಲಿನ ಪತ್ರ ತೆರೆಯುತ್ತೇನೆ, ಎಲ್ಲರ ಪ್ಯಾಕೇಜುಗಳನ್ನೂ ಇಟ್ಟು ಹಂಚುವ ಭಂಡಾರದಿಂದ ಬಂದದ್ದು, ಬಿಟ್ಟದಿನ ಪ್ಯಾಕೇಜಿನ ಒಡೆತನ ವಹಿಸಿಕೊಳ್ಳಲು ನಿಮ್ಮನ್ನು ಆಹ್ವಾನಿಸಲಾಗಿದೆ, ಕೆಳಗೆ ಅತ್ತೆಯ ಖಾತೆಯ ಹೆಸರು, ಅದರ ಕೆಳಗೆ ಈ ಆಹ್ವಾನ ಏಳು ದಿನಗಳಲ್ಲಿ ರದ್ದಾಗುತ್ತದೆ, ಸೋಮವಾರ ಬಂದದ್ದು, ಅದರ ಹಿಂದಿನದೂ ಅದೇ, ಹಿಂದಿನ ಸೋಮವಾರ, ಅದರ ಹಿಂದಿನದು, ಎಣಿಸುತ್ತೇನೆ, ಮೂವತ್ತನಾಲ್ಕು, ಮೊದಲನೆಯದು ನಾನು ವಿನಂತಿ ಬರೆದ ಮೂರನೆಯ ದಿನದ್ದು, ಉತ್ತರ ಬರೆಯಲು ಕೈ ಬರುತ್ತಿರಲಿಲ್ಲ, ಅದಕ್ಕೇ ಇಡೀ ಪ್ಯಾಕೇಜನ್ನೇ ಉತ್ತರವಾಗಿ ಕಳಿಸಿದ್ದಾರೆ, ನಾನು ಸುಮ್ಮನಿದ್ದೆ, ಏಳು ದಿನಕ್ಕೆ ರದ್ದಾಯಿತು, ಮತ್ತೆ ಕಳಿಸಿದರು, ಮತ್ತೆ ಸುಮ್ಮನಿದ್ದೆ, ಮೇಜಿನ ಮೇಲೆ ಉಪ್ಪು ಕೊಡಮ್ಮ ಎಂದರು, ಕೊಟ್ಟೆ, ಮತ್ತೆ ಕಳಿಸಿದರು.

ಸೋಮವಾರ, ಈಗ ನೆನಪಾಗುತ್ತಿದೆ, ತಿಂಡಿಯಾದ ಮೇಲೆ ಕಿಟಕಿಯ ಹತ್ತಿರ ತಮ್ಮ ಹಳೆಯ ಲ್ಯಾಪ್‌ಟಾಪು ತೆಗೆದು ಕೂರುತ್ತಿದ್ದರು, ಐದೇ ನಿಮಿಷ, ಏನ್ ಮಾಡ್ತಿದ್ದೀರಿ ಅತ್ತೆ, ಏನಿಲ್ಲ, ಒಂದು ಕೆಲ್ಸ ಇತ್ತು, ನಾನು ಪದಬಂಧ ಆಡುತ್ತಾರೆ ಎಂದುಕೊಂಡಿದ್ದೆ, ಬಲಗೈ ನಿಲ್ಲುತ್ತಿರಲಿಲ್ಲ, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು, ಒಂದು ಬೆರಳನ್ನು ಚಾಚಿ, ಗುರಿಯಿಟ್ಟು — ಸ್ವೀಕರಿಸಿ ಎಂಬ ಗುಂಡಿ ಹಸಿರಾಗಿದೆ, ಇನ್ನೂ ನಾಲ್ಕು ದಿನ ಬಾಕಿಯಿದೆ, ಒತ್ತಿದೆ, ಒಡತಿಯಾದೆ, ಅಳಿಸಿದ ಹದಿನೇಳನೆಯ ಸಾಲನ್ನು ಮತ್ತೆ ಅಲ್ಲಿಗೇ ಹಾಕಿದೆ, ಅವರ ಕೋಡಿನ ಷರತ್ತು ತಿದ್ದಿ ಹೊಸ ಆವೃತ್ತಿ ಬಿಡಲು ಎಷ್ಟು ಹೊತ್ತು, ಹತ್ತು ನಿಮಿಷ, ಹನ್ನೆರಡರೊಳಗೆ ಆಗುತ್ತದೆ, ಕತ್ತರಿಗೆ ಹೇಳಬೇಕು, ಹದಿನೇಳು ಇರುತ್ತದೆ ಕಣೋ ಎಂದು — ಅತ್ತೆಯ ಫೋನು ಟಿಣ್ ಎಂದಿತು, ನಾನು ಸ್ವೀಕರಿಸಿದ ಸುದ್ದಿ ಹೋಗಿರಬೇಕು, ಕನ್ನಡಕ ಮೇಲೆತ್ತಿ, ದೂರ ಹಿಡಿದು, ನಿಧಾನವಾಗಿ ಓದಿದರು, ಫೋನನ್ನು ಬೋರಲಾಗಿಟ್ಟರು, ಸರಿ ಎಂದರು, ಯಾರಿಗೂ ಅಲ್ಲ, ಬಟ್ಟಲಿಗೆ, ಮುಂದಿನ ಕಾಯಿ ಎತ್ತಿಕೊಂಡರು, ಅತ್ತೆ ಎಂದೆ, ಹ್ಞಾಂ ಎಂದರು, ಹೇಳು, ಈಗ ಹೇಳು, ಕಟ್ಟಳೆ ಹಾಳಾಗಲಿ, ನಾನು ನೋಡಿರಲಿಲ್ಲ, ಬೇಡ ಎಂದದ್ದಲ್ಲ, ಒಂದು ಸಲವೂ ಬೇಡ ಎಂದದ್ದಲ್ಲ, ಮೂವತ್ತಮೂರು ಸಲ ಸೊಸೆಗೆ ಬೇಡವಾಯಿತು ಎಂದುಕೊಂಡೇ ಮುಂದಿನ ಸೋಮವಾರ ಕಿಟಕಿಯ ಹತ್ತಿರ ಹೋಗಿ ಕೂತರಲ್ಲ, ಎಡಗೈ, ಬಲಗೈಯ ಮಣಿಕಟ್ಟು, ನಾನು ಈ ಕಡೆಯಿಂದ ಕಾಫಿ ಕುಡಿಯುತ್ತಾ ನೋಡುತ್ತಿದ್ದೆ, ಬಾಯಿ ತೆರೆದೆ, ಮಾತಿನ ಮುಂದೆ ಸೋಮವಾರದ ಆ ಕೈ ನಿಂತಿದೆ, ಎಡಗೈ ಬಲಗೈಯನ್ನು ಗಟ್ಟಿಯಾಗಿ ಹಿಡಿದಿದೆ, ಬೆರಳು ಕೆಳಗಿಳಿಯುತ್ತಿದೆ, ಗುರಿ ತಪ್ಪಿತು, ಮತ್ತೆ ಎತ್ತಿದರು, ಎಡಗೈ ಹಿಡಿದೇ ಇದೆ, ಬೆರಳು ಇಳಿಯುತ್ತಿದೆ