ಬಂಕಾಪುರಿ ಹತ್ತುವಷ್ಟು ಎತ್ತರ

ಹುಚ್ಚವ್ವ ಹೊಳೆ ಬಂದ ಕತೆ ಹೇಳಲು ಕುಳಿತಳೆಂದರೆ ಕೇಳುವವರ ಕೈಯಲ್ಲಿನ ಚಹಾ ಆರಿಹೋಗುತ್ತಿತ್ತು. ಎರಡು ಸಾವಿರದ ಹತ್ತೊಂಬತ್ತನೇ ಇಸವಿಯ ಶ್ರಾವಣದಲ್ಲಿ ವರದಾ ನದಿ ಊರೊಳಗೆ ನುಗ್ಗಿದ್ದು ಎಲ್ಲರಿಗೂ ಗೊತ್ತಿದ್ದದ್ದೇ. ಎಲ್ಲರ ಮನೆಗೂ ನೀರು ಹೊಕ್ಕಿತ್ತು. ಆದರೂ ಅದನ್ನು ಹೇಳುವ ಹಕ್ಕು ಹುಚ್ಚವ್ವನೊಬ್ಬಳದೇ ಎಂದು ಊರು ಒಪ್ಪಿಕೊಂಡುಬಿಟ್ಟಿತ್ತು. ಕುಡುಗೋಲಿನಿಂದ ಹಗ್ಗ ಕೊಯ್ದು, ಎಮ್ಮೆಯ ಬಾಲ ಹಿಡಿದು ಅವಳು ಶಾಲೆಯ ದಿಬ್ಬ ಸೇರಿದ ಭಾಗ ಬಂದಾಗ, ಪಕ್ಕದ ಮನೆಯ ಹಾಜರಾಬಿ ನೂರು ಸಲ ಕೇಳಿದ್ದರೂ ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಈ ಕತೆಗೆ ಬಾಯಿ ಚಪ್ಪರಿಸದವನು ಒಬ್ಬನೇ, ಅವಳ ಮಗ ಫಕ್ಕೀರೇಶ. ಅವನು ಗವಂಡಿ. ಹಾನಗಲ್ಲು, ಸವಣೂರು, ಶಿಗ್ಗಾವಿ ಎಲ್ಲ ಕಡೆಯೂ ಅವನು ಕಟ್ಟಿದ ಮನೆಗಳಿದ್ದವು. ಹೊಳೆ ಬಂದ ದಿನ ಅವನು ತಡಸದಲ್ಲಿ ಯಾರದೋ ಗೋಡೆ ಏರಿಸುತ್ತಿದ್ದ. ದಾರಿ ಬಂದಾಗಿ, ಊರು ಮುಟ್ಟುವಷ್ಟರಲ್ಲಿ ನೀರೇ ಇಳಿದುಹೋಗಿತ್ತು. ಮಂದಿಗೆ ಅದು ಕತೆ, ಅವನಿಗೆ ಮಾತ್ರ ಎದೆಯೊಳಗಿನ ಮುಳ್ಳು. ಅವ್ವ ಎಮ್ಮೆ ಬಿಟ್ಟು ಬರಲೊಲ್ಲೆನೆಂದು ನೆನೆದ ಮಣ್ಣಿನ ಗೋಡೆಯ ಮಗ್ಗುಲಲ್ಲೇ ನಿಂತಿದ್ದಳಲ್ಲ, ಆ ಗೋಡೆ ಎಷ್ಟು ಹೊತ್ತು ತಡೆಯುತ್ತದೆ ಎಂಬುದು ಗವಂಡಿಗಲ್ಲದೆ ಇನ್ನಾರಿಗೆ ಗೊತ್ತು? ಮೋಡ ಕಪ್ಪಿಟ್ಟಾಗಲೆಲ್ಲ ಅವನ ಊಟ ಅರ್ಧಕ್ಕೇ ನಿಲ್ಲುತ್ತಿತ್ತು. 'ಮಳೆ ಬಂದು ಕೆಟ್ಟದ್ದಿಲ್ಲ, ಮಗ ಉಂಡು ಕೆಟ್ಟದ್ದಿಲ್ಲ' ಎಂದು ಹುಚ್ಚವ್ವ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಎರಡರಲ್ಲೂ ಅವಳಿಗೆ ಅಷ್ಟೇ ನಂಬಿಕೆ.

ಎಮ್ಮೆಯ ಹೆಸರು ಬಂಕಾಪುರಿ. ಬಂಕಾಪುರದಿಂದ ಹೊಡೆದುಕೊಂಡು ಬಂದದ್ದು, ಅದಕ್ಕೇ ಆ ಹೆಸರು. ಹುಚ್ಚವ್ವನ ಮನೆಯಂಥ ಹಳೆಯ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ದನದ ಅಂಕಣ, ಅದರಾಚೆ ತುಸು ಎತ್ತರದಲ್ಲಿ ಪಡಸಾಲೆ. ಮನುಷ್ಯರಿಗೂ ದನಕ್ಕೂ ಒಂದೇ ಹೊಸ್ತಿಲು. ಬಂಕಾಪುರಿ ಮೆಲುಕು ಹಾಕುವ ಸದ್ದು ಕಿವಿಗೆ ಬೀಳದಿದ್ದರೆ ಹುಚ್ಚವ್ವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಹಿತ್ತಲ ಗೋಡೆ ಕುಸಿದು, ಹೊಸ ಮನೆಗೆ ಮಂಜೂರಾತಿ ಬಂತು. ಜೊತೆಗೇ ನಿಯಮವೂ ಬಂತು. ಹೊಳೆದಂಡೆಯಲ್ಲಿ ಕಟ್ಟುವ ಮನೆಯ ನೆಲ, ಹಿಂದೆ ನೀರು ಏರಿದ್ದ ಗುರುತಿಗಿಂತ ಎರಡು ಅಡಿ ಮೇಲಿರಬೇಕು. ಪಾಯ ಎರೆಮಣ್ಣನ್ನು ದಾಟಿ ಗಟ್ಟಿ ನೆಲ ಮುಟ್ಟಬೇಕು, ನೆಲಗಟ್ಟಿನ ಸುತ್ತ ಕಾಂಕ್ರೀಟಿನ ಪಟ್ಟಿ ಓಡಬೇಕು. ಫಕ್ಕೀರೇಶನಿಗೆ ಇದೆಲ್ಲ ಬಾಯಿಪಾಠ. 'ಯಾರಿಗರ ಸುಳ್ಳ ಹೇಳ್ರಿ, ನೀರಿಗೆ ಸುಳ್ಳ ಹೇಳಬ್ಯಾಡ್ರಿ' ಎಂದು ಮನೆ ಕಟ್ಟಿಸುವವರಿಗೆಲ್ಲ ಬೋಧಿಸಿದವನೇ ಅವನು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನಿಸಿಕೊಳ್ಳಬಾರದೆಂದು ತನ್ನ ಮನೆಯ ನಕ್ಷೆಯನ್ನು ತಾನೇ ಕುಳಿತು ಗೀಚಿದ್ದ. ಮೇಲೆ ಮನೆ, ಮುಂದೆ ಮೆಟ್ಟಿಲು, ಕೆಳಗೆ ಅಂಗಳದಲ್ಲಿ ಎಮ್ಮೆಗೊಂದು ತಗಡಿನ ಶೆಡ್ಡು.

ಇಂಜಿನಿಯರ್ ಶ್ವೇತಾ ಅಳತೆಗೆ ಬರುವ ದಿನ ಬೆಳಿಗ್ಗೆ ಏಳುತ್ತಲೇ ಫಕ್ಕೀರೇಶನ ಮೂಗಿಗೆ ಹಸಿ ಸುಣ್ಣದ ವಾಸನೆ ಬಡಿಯಿತು. ದನದ ಅಂಕಣದ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಹಬ್ಬವಿಲ್ಲ, ಹುಣ್ಣಿವೆಯಿಲ್ಲ. ಏನಿದು ಅಂದರೆ ಅವ್ವ ಸುಣ್ಣದ ಕೈ ತೊಳೆಯುತ್ತ ಮುಖ ಆ ಕಡೆ ತಿರುಗಿಸಿದಳು.

ಶ್ವೇತಾ ಸಣ್ಣ ವಯಸ್ಸಿನ ಹೆಣ್ಣುಮಗಳು, ಹಿರೇಕೆರೂರಿನ ಕಡೆಯವಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಗೋಡೆಯನ್ನೊಮ್ಮೆ ನೋಡಿದಳು. ಹಳೆಯ ನೀರಿನ ಕಲೆ ಎಲ್ಲೂ ಇರಲಿಲ್ಲ.

"ನೀರು ಎಲ್ಲೀಮಟಾ ಬಂದಿತ್ರಿ ಅವ್ವಾರ?"

ಹುಚ್ಚವ್ವ ಸೀರೆ ತುಸು ಎತ್ತಿ ಮೊಣಕಾಲ ಕೆಳಗಿನ ಮೀನಗಂಡ ತೋರಿಸಿದಳು. "ಇಷ್ಟ ನೋಡ ತಂಗಿ. ಇದಕ್ಕಿಂತ ಒಂದ ಬೆರಳ ಹೆಚ್ಚಿಲ್ಲ."

ಫಕ್ಕೀರೇಶ ಸುಣ್ಣ ಬಳಿದ ಗೋಡೆಯತ್ತ ತಿರುಗಿದ. ವರ್ಷಾ ವರ್ಷಾ ಕತೆಯಲ್ಲಿ ಏರುತ್ತಲೇ ಬಂದಿದ್ದ ಹೊಳೆ ಒಂದೇ ಮಾತಿಗೆ ಸರ್ರನೆ ಇಳಿದುಹೋಗಿತ್ತು. ಅವ್ವ ಸುಳ್ಳು ಹೇಳುತ್ತಿದ್ದಾಳೆ ಎನ್ನೋಣವೆಂದರೆ ಹೊರಗಿನವರ ಮುಂದೆ ಹೆತ್ತವಳ ಮಾನ ಕಳೆಯಬೇಕು. ಸುಮ್ಮನಿರೋಣವೆಂದರೆ ನೆಲ ತಗ್ಗಾಗುತ್ತದೆ, ಮುಂದಿನ ಹೊಳೆಗೆ ಅವ್ವ ಮತ್ತೆ ನೀರಿನಲ್ಲಿ ನಿಲ್ಲುತ್ತಾಳೆ.

"ಯವ್ವಾ, ಸರಿಯಾಗಿ ನೆನಪ ಮಾಡ್ಕೊ," ಎಂದ ಮೆಲ್ಲಗೆ.

"ನೀ ಇದ್ದೇನು ಆವಾಗ? ತಡಸದಾಗ ಮಂದಿ ಗ್ವಾಡಿ ಕಟ್ಟಾಕತ್ತಿದ್ದಿ."

ಆ ಏಟು ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು.

ಶ್ವೇತಾ ವಾದಕ್ಕೆ ಇಳಿಯಲಿಲ್ಲ. ಟೇಪು ಚೀಲಕ್ಕೆ ಹಾಕಿ ಪಡಸಾಲೆಯ ಅಂಚಿಗೆ ಕುಳಿತು, ಫಕ್ಕೀರೇಶನ ಹೆಂಡತಿ ನೀಲಾ ತಂದ ಚಹಾ ಕೈಗೆತ್ತಿಕೊಂಡಳು. "ಎಮ್ಮಿ ಬಾಲಾ ಹಿಡಕೊಂಡ ದಿಬ್ಬಾ ಹತ್ತಿದ್ರಂತ? ಪಂಚಾಯ್ತಿಯೊಳಗ ಹೇಳಾಕತ್ತಿದ್ರು. ಖರೇನ್ರಿ ಅದು?"

ಕತೆ ಹೇಳುವವರ ಮುಂದೆ 'ಖರೇನ್ರಿ' ಎನ್ನುವುದಕ್ಕಿಂತ ದೊಡ್ಡ ಗಾಳ ಇನ್ನೊಂದಿಲ್ಲ. ಹುಚ್ಚವ್ವ ಸೆರಗು ಬಿಗಿದು ಕುಳಿತೇಬಿಟ್ಟಳು.

"ಖರೇನ ಅಂತ ಕೇಳ್ತಿಯಲ್ಲ ತಂಗಿ, ಕೇಳಿಲ್ಲೆ. ಇನ್ನೂ ಬೆಳಕ ಹರದಿಲ್ಲ. ಕರೆಂಟ ಇಲ್ಲ. ಹಾಲ ಹಿಂಡೂಣಂತ ಆ ಮಾಡದಾಗ ಚಿಮಣಿ ಹಚ್ಚಿಟ್ಟೆ. ಕುಂತ್ರ ಕೆಚ್ಚಲಕ್ಕ ಬೆಳಕ ಬೀಳ್ಲಿ ಅಂತ ನಮ್ಮತ್ತಿ ಮಾಡಿಸಿದ್ದ ಮಾಡ ಅದು. ನೋಡ್ತೇನಿ, ಕಾಲಾಗ ನೀರು. ಹಗ್ಗಾ ಬಿಚ್ಚಾಕ ಹೋದ್ರ ಗಂಟ ನೆನದು ಬಿಗದೈತಿ. ಬಿಚ್ಚವಲ್ದು ಅಂದ್ರ ಬಿಚ್ಚವಲ್ದು. ಹಾಜರಾಬಿ ಹೊರಗಿಂದ ಒದರಾಕತ್ತಾಳ, ಅಕ್ಕಾ ಬಿಟ್ಟ ಬಾ ಅಂತ. ಎಲ್ಲಿ ಬಿಡಲಿ? ಅಷ್ಟರಾಗ ಚಿಮಣಿ ಚುಂಯ್ ಅಂದು ಆರಿ ಹೋತು. ನೀರು ದೀಪಾನ..."

ಅಲ್ಲಿಗೆ ಹುಚ್ಚವ್ವನ ಮಾತು ನಿಂತಿತು. ಆಡಿದರೆ ಹೋಯಿತು ಮಾತು, ಒಡೆದರೆ ಹೋಯಿತು ಮುತ್ತು. ಎಲ್ಲರ ಕಣ್ಣೂ ದೀಪವಿಡಲು ಗೋಡೆಯೊಳಗೆ ಬಿಟ್ಟಿದ್ದ ಆ ಮಾಡದ ಮೇಲಿತ್ತು. ಕುಕ್ಕುರುಗಾಲಲ್ಲಿ ಕುಳಿತವರ ಮುಖದ ಎತ್ತರಕ್ಕೆ, ನೆಲದಿಂದ ಸರಿಯಾಗಿ ಎರಡೂವರೆ ಅಡಿ; ಸುಣ್ಣದಡಿಯ ಕಲೆಯೂ ಅಷ್ಟೇ ಎತ್ತರಕ್ಕಿತ್ತು. ಸುಣ್ಣ ಹಚ್ಚುವಾಗ ಕಲೆ ಮುಚ್ಚಿದ ಹುಚ್ಚವ್ವ ಮಾಡವನ್ನು ಮರೆತಿದ್ದಳು.

ಯಾರೂ ನಗಲಿಲ್ಲ. ಶ್ವೇತಾ ಟೇಪು ತೆಗೆಯಲೂ ಇಲ್ಲ. "ಯಾಕ್ರಿ ಅವ್ವಾರ, ತಗ್ಗಿಸಿ ಹೇಳಿದ್ರಿ?" ಎಂದಷ್ಟೇ ಕೇಳಿದಳು.

ಹುಚ್ಚವ್ವ ಬಂಕಾಪುರಿಯ ಕಡೆ ಕೈ ತೋರಿಸಿದಳು. "ಎತ್ತರ ಕಟ್ಟಿದ್ರ ಮೆಟ್ಲ ಬರ್ತಾವ. ಎಮ್ಮಿ ಮೆಟ್ಲಾ ಹತ್ತೂದಿಲ್ಲ ತಂಗಿ. ಇಂವಾ ಅದಕ್ಕ ಕೆಳಗ ತಗಡಿನ ಶೆಡ್ಡ ಹಾಕ್ತಾನಂತ. ನೀರ ಬಂದ್ರ ನಾ ಮ್ಯಾಲ ನಿಂತು ಅದು ಮುಳಗೂದ ನೋಡ್ಲೇನು? ನನ್ನ ಕೈಲೆ ಆಗೂದಿಲ್ಲ. ನಾ ಇಳದ ಹೋಗ್ತೇನಿ. ಬೇಕಾದ್ರ ಇವನ್ನ ಕೇಳು, ಇವಗ ಗೊತ್ತೈತಿ."

ಫಕ್ಕೀರೇಶನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಶೆಡ್ಡನ್ನು ಕೆಳಗೆ ಗೀಚಿದ್ದ. ಅವ್ವನನ್ನು ಉಳಿಸಲೆಂದು ಬರೆದ ನಕ್ಷೆಯೇ ಅವಳನ್ನು ನೀರಿಗೆ ಇಳಿಸುತ್ತಿತ್ತಲ್ಲ ಎಂದು ಅವನಿಗೆ ಈಗ ಹೊಳೆಯಿತು. ನಿಯಮ ತಪ್ಪಿರಲಿಲ್ಲ, ಎತ್ತರವೂ ತಪ್ಪಿರಲಿಲ್ಲ. ಮನೆಯವರು ಎಷ್ಟು ಮಂದಿ ಎಂದು ಎಣಿಸುವಾಗ ಅವನು ಒಬ್ಬಳನ್ನು ಬಿಟ್ಟಿದ್ದ.

"ಯವ್ವಾ, ಬಂಕಾಪುರಿನೂ ಮ್ಯಾಲ ಇರ್ತೈತಿ," ಎಂದ.

"ನೆಲಾ ಎತ್ತರ ಇರಬೇಕಂತ ನಿಯಮ ಐತ್ರಿ," ಶ್ವೇತಾ ಚಹಾದ ಕಪ್ಪು ಕೆಳಗಿಟ್ಟಳು. "ಮೆಟ್ಲ ಇರಬೇಕಂತ ಎಲ್ಲೂ ಇಲ್ಲ. ಇಳಿಜಾರ ಮಾಡ್ರಿ. ಆದ್ರ ಕಡಿದಾಗಿ ಇಟ್ರ ಎಮ್ಮಿ ಏರೂದಿಲ್ಲ, ಉದ್ದ ಬೇಕು. ಜಾಗಾ ಎಲ್ಲೈತಿ?"

ಜಾಗ ಇರಲಿಲ್ಲ. ಮುಂದೆ ಓಣಿ, ಹಿಂದೆ ಇನ್ನೊಬ್ಬರ ಹಿತ್ತಲು. ಆಗ ಅಡ್ಡಗೋಡೆಯ ಮೇಲಿಂದ ಹಾಜರಾಬಿಯ ತಲೆ ಕಂಡಿತು. ಅವಳು ಅಷ್ಟೂ ಹೊತ್ತು ಅಲ್ಲೇ ನಿಂತು ಕೇಳುತ್ತಿದ್ದಳೆಂದು ಬೇರೆ ಹೇಳಬೇಕಿಲ್ಲ.

"ನಮ್ಮ ಗ್ವಾಡಿ ಬದಿ ಸಂದಿ ಖಾಲಿನ ಬಿದ್ದೈತಿ, ತಗೋರಿ. ಹೊಳಿ ಬಂದ್ರ ನಾನು, ನನ್ನ ಆಡುಗೋಳು ಅದರ ಮ್ಯಾಲ ಬರ್ತೇವಿ. ಅಕ್ಕಾ, ಬ್ಯಾಡಂತೀಯೇನು?"

"ನಿನಗ ಬ್ಯಾಡಂದ್ರ ಕೇಳ್ತಿಯೇನು ನೀ?" ಎಂದಳು ಹುಚ್ಚವ್ವ. ಸುಳ್ಳು ಸಿಕ್ಕಿಬಿದ್ದ ಮೇಲೆ ಅವಳು ನಕ್ಕದ್ದು ಆಗಲೇ.

ಸಂದಿ ಮುಚ್ಚಿದರೆ ಓಣಿಯ ನೀರು ನಿಂತು ಹಾಜರಾಬಿಯ ಮನೆಗೇ ನುಗ್ಗುತ್ತದೆ, ಇಳಿಜಾರಿನ ಅಡಿಯಲ್ಲಿ ದೊಡ್ಡ ಪೈಪು ಹಾಯಿಸಲೇಬೇಕು ಎಂದು ಶ್ವೇತಾ ಪಟ್ಟು ಹಿಡಿದಳು. ಫಕ್ಕೀರೇಶ ಹಾಯಿಸಿದ. ತನಗಾಗಿ ಯೋಚಿಸಿದ್ದ ಮುಂದಿನ ಕೋಣೆಯನ್ನು ಕೈಬಿಟ್ಟು ಆ ಜಾಗದಲ್ಲಿ ದನದ ಅಂಕಣ ಮಾಡಿದ. ನೀಲಾ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೇ ದಿನ ಮೇವಿನ ಗೋದಲಿ ಕಿಟಕಿಯ ಕಡೆಗಿರಲಿ, ಸೆಗಣಿ ಎತ್ತಲು ಸಲೀಸು ಎಂದು ತಾನೇ ಹೇಳಿದಳು. ನೆಲ ನಾಲ್ಕೂವರೆ ಅಡಿಗೆ ನಿಂತಿತು. ಓಣಿಯಲ್ಲಿ ಹಾದವರು ಕತ್ತೆತ್ತಿ, 'ಏನ ಫಕ್ಕೀರಪ್ಪಾ, ಬಂಕಾಪುರದ ಕೋಟೆ ಕಟ್ಟಾಕತ್ತಿಯೇನು?' ಎಂದು ಕೇಳಿ ಹೋಗುತ್ತಿದ್ದರು.

ಗೃಹಪ್ರವೇಶದ ದಿನ ಮೊದಲು ಆಕಳು ಒಳಗೆ ಬರಬೇಕು ಎಂಬುದು ರೂಢಿ. ಹುಚ್ಚವ್ವ ಓಣಿಯವರಿಂದ ಕೇಳಿ ತಂದ ಆಕಳಿಗೆ ಪೂಜೆ ಮಾಡಿ, ಹಿಂದೆಯೇ ಬಂಕಾಪುರಿಯ ಹಣೆಗೂ ಕುಂಕುಮ ಹಚ್ಚಿದಳು. ಪೂಜೆಗೆ ಬಂದ ಸ್ವಾಮಿಗಳು ನೋಡಿಯೂ ನೋಡದಂತೆ ಬೇರೆ ಕಡೆ ತಿರುಗಿದರು. ಹಗುರ ಮೈಯ ಆಕಳು ಹೇಗೋ ಏರಿತು. ಬಂಕಾಪುರಿ ಒಂದು ಕಾಲಿಟ್ಟಿತು, ಗೊರಸು ಜಾರಿತು, ಹಿಂದಕ್ಕೆ ಸರಿದು ನಿಂತುಬಿಟ್ಟಿತು. ಗವಂಡಿ ತನ್ನ ಅವ್ವನ ಮನೆಯೆಂದು ಇಳಿಜಾರನ್ನು ಕನ್ನಡಿಯ ಹಾಗೆ ತೀಡಿ ನುಣುಪು ಮಾಡಿದ್ದ.

"ಇದೇನ ಎಮ್ಮಿ ಏರಾಕ ಮಾಡಿಯೋ, ಹುಡುಗೂರು ಜಾರಾಕ ಮಾಡಿಯೋ?" ಎಂದಳು ಹುಚ್ಚವ್ವ.

ಫಕ್ಕೀರೇಶ ಹೊಸ ಅಂಗಿಯ ತೋಳು ಮಡಚಿ, ಉಳಿ ಸುತ್ತಿಗೆ ತಂದು, ಬಂದ ಬೀಗರೆಲ್ಲ ಹೋಳಿಗೆ ತಿನ್ನುವ ಹೊತ್ತಿನಲ್ಲಿ ಇಳಿಜಾರಿನ ಉದ್ದಕ್ಕೂ ಅಡ್ಡಗೆರೆ ಕಡಿಯುತ್ತ ಕುಳಿತ. ಮುಗಿದ ಮೇಲೆ ಹುಚ್ಚವ್ವ ಕೈಯಲ್ಲಿ ಹಸಿಹುಲ್ಲಿನ ಸಿವುಡು ಹಿಡಿದು ಮುಂದೆ ನಡೆದಳು. ಹಿಂದಿರುಗಿ ನೋಡಲಿಲ್ಲ. ಬಂಕಾಪುರಿ ಮೂಸಿತು, ಯೋಚಿಸಿತು, ಒಂದೊಂದೇ ಹೆಜ್ಜೆ ಅವಳ ಬೆನ್ನ ಹಿಂದೆ ಏರಿ ಹೋಯಿತು. ಕೆಳಗೆ ನಿಂತ ಫಕ್ಕೀರೇಶನಿಗೆ, ತಾನು ಇಷ್ಟು ವರ್ಷ ಕಟ್ಟಿದ್ದರಲ್ಲಿ ಇದೊಂದೇ ಮನೆ ಎನ್ನಿಸಿತು.

ಮರುವರ್ಷದ ಮಳೆಗಾಲದಲ್ಲಿ ಅವನು ಹಿರೇಕೆರೂರಿನಲ್ಲಿ ಕೆಲಸದ ಮೇಲಿದ್ದ. ವರದೆ ಏರಿದ್ದಾಳೆ ಎಂಬ ಸುದ್ದಿ ಬಂತು, ಆಮೇಲೆ ಮನೆಯ ಫೋನು ಹತ್ತಲಿಲ್ಲ. ನೀಲಾ ತವರಿಗೆ ಹೋಗಿದ್ದಳು. ಮನೆಯಲ್ಲಿ ಅವ್ವ ಒಬ್ಬಳೇ. ಹಾನಗಲ್ಲಿನವರೆಗೆ ಬಸ್ಸು, ಅಲ್ಲಿಂದ ಯಾರದೋ ಟ್ರ್ಯಾಕ್ಟರು, ಕೊನೆಗೆ ಕೆಸರಿನಲ್ಲಿ ಕಾಲುನಡಿಗೆ. ದಾರಿಯುದ್ದಕ್ಕೂ ಅವನು ಒಂದನ್ನೇ ಬೇಡಿಕೊಂಡ: ಅವ್ವ ಇಳಿದಿರಬಾರದು. ಊರು ಮುಟ್ಟಿದಾಗ ಬಿಸಿಲು ಬಂದಿತ್ತು, ನೀರು ಓಣಿ ಬಿಟ್ಟು ಹಿಂದೆ ಸರಿದಿತ್ತು.

ಇಳಿಜಾರಿನ ಮೇಲೆ ಆಡುಗಳು ಮಲಗಿದ್ದವು. ಬಾಗಿಲ ಬಳಿ ಹಾಜರಾಬಿ ಒಲೆ ಹೂಡಿ ಚಹಾ ಕುದಿಸುತ್ತಿದ್ದಳು. ಒಳಗೆ ಒಣ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕುಳಿತು ಅವನ ಅವ್ವ ಹಾಲು ಹಿಂಡುತ್ತಿದ್ದಳು. ಅವಳ ಸೀರೆಯ ಅಂಚು ಕೂಡ ನೆನೆದಿರಲಿಲ್ಲ. ಫಕ್ಕೀರೇಶ ಕೆಸರುಗಾಲಲ್ಲೇ ಬಾಗಿಲಿಗೆ ಒರಗಿದ.

"ಎಲ್ಲೀಮಟಾ ಬಂದಿತ್ತವ್ವಾ?"

ಹುಚ್ಚವ್ವ ತಂಬಿಗೆ ಬದಿಗಿಟ್ಟು ಎದ್ದಳು. ಅವನ ಕೈ ಹಿಡಿದು ಇಳಿಜಾರಿನಿಂದ ಕೆಳಗೆ ಕರೆದುಕೊಂಡು ಹೋಗಿ, ನೆಲಗಟ್ಟಿನ ಗೋಡೆಯ ಮೇಲಿನ ಒಂದು ಗೀರು ತೋರಿಸಿದಳು. ಈ ಸಲದ ಹೊಳೆ ಹಿಂದಿನದಕ್ಕಿಂತ ದೊಡ್ಡದು. ಫಕ್ಕೀರೇಶ ಜೇಬಿನ ಟೇಪು ಹಿಡಿದು ನೋಡಿದ. ಮೂರು ಅಡಿ ದಾಟಿ ಮೇಲೆ ನಾಲ್ಕು ಬೆರಳು. ಅಂದು ಅವಳು ತೋರಿಸಿದ ಮೀನಗಂಡದ ಲೆಕ್ಕಕ್ಕೆ, ಒಂದಡಿಗೆ ಎರಡಡಿ ಸೇರಿಸಿ ಕಟ್ಟಿದ್ದರೆ ನೆಲ ಬರುತ್ತಿದ್ದದ್ದು ಸರಿಯಾಗಿ ಮೂರು ಅಡಿಗೆ. ಅವನು ಟೇಪನ್ನು ಮತ್ತೊಮ್ಮೆ ಮೂರು ಅಡಿಗೆ ಹಿಡಿದು, ಅಲ್ಲೇ ಹೆಬ್ಬೆರಳು ಒತ್ತಿ ನಿಂತ. ಹುಚ್ಚವ್ವನಿಗೆ ಅಳತೆ ಓದಲು ಬರುತ್ತಿರಲಿಲ್ಲ, ಮಗನ ಕೈ ಓದಲು ಬರುತ್ತಿತ್ತು. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು.

"ನೀರ ಏರೂದ ನಿಂತಾಗ ಮ್ಯಾಲಿಂದ ಬಗ್ಗಿ ಗೀರೇನಿ. ಆ ತಂಗಿಗೆ ಫೋನ್ ಮಾಡಿ ಹೇಳು, ಈ ಸಲಾ ನಮ್ಮವ್ವ ಖರೇ ಹೇಳ್ಯಾಳ ಅಂತ," ಎಂದಳು. "ಸುಣ್ಣಾ ಹಚ್ಚಿದ್ರೂ ಹೋಗಬಾರದಂತ ಕುಡಗೋಲಿಲೆ ಗೀರೇನಿ."